ಎರಡನೇ ಕಿವಿಯ ಒಪ್ಪಿಗೆ

ಹಾಲು ಉಕ್ಕುವುದಕ್ಕೆ ಮೊದಲು ಒಂದು ಕ್ಷಣ ಯೋಚನೆ ಮಾಡುತ್ತದೆ, ಉಕ್ಕಲೋ ಬೇಡವೋ ಎಂದು. ಆ ಯೋಚನೆಯ ಸದ್ದು ನನಗೆ ಮೂರು ಓಣಿ ಆಚೆಯಿಂದ ಕೇಳಿಸುತ್ತದೆ. ನೀವು ನಂಬದಿದ್ದರೆ ನನಗೇನೂ ನಷ್ಟವಿಲ್ಲ. ನಂಬಿದವರೆಲ್ಲ ಒಲೆಯ ಮೇಲೆ ಹಾಲಿಟ್ಟು ನೆಮ್ಮದಿಯಾಗಿ ಪಕ್ಕದ ಮನೆಗೆ ಹರಟೆಗೆ ಹೋಗುತ್ತಾರೆ. ಓಡಿ ಬಂದು ಒಲೆ ಆರಿಸುವವನು ನಾನು. ಈ ಸೀಮೆಯಲ್ಲಿ ನನ್ನಂಥ ಕಿವಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ, ಹುಟ್ಟಬಾರದು ಕೂಡ. ಯಾಕೆಂದರೆ ನನಗೆ ಸಾಕಾಗಿ ಹೋಗಿದೆ.

ನಮ್ಮೂರಿನಲ್ಲಿ ಸದ್ದು ಮೊದಲು ಯಾರ ಕಿವಿಗೆ ಬೀಳುತ್ತದೋ ಅವರದು. ನಲ್ಲಿ ಸೋರುವ ಸದ್ದು ಎಲ್ಲರಿಗಿಂತ ಮೊದಲು ನಿಮಗೆ ಕೇಳಿಸಿತು ಅನ್ನಿ, ನೀವು ಹೋಗಿ ಆ ನಲ್ಲಿ ನಿಲ್ಲಿಸುವ ತನಕ ಅದು ನಿಮ್ಮ ಕಿವಿಯೊಳಗೇ ತೊಟ್ಟಿಕ್ಕುತ್ತಿರುತ್ತದೆ. ಉಣ್ಣಲು ಕೂತರೆ ಅಲ್ಲಿ, ಮಲಗಿದರೆ ಅಲ್ಲಿ. ಉಳಿದವರಿಗೆ ಅದು ಬರೀ ಸದ್ದು, ಕೇಳಿ ಮರೆಯಬಹುದು. ಹಕ್ಕಿಯ ಹಾಡು, ಗಾಳಿ, ಮಳೆ ಯಾರಿಗೂ ಅಂಟುವುದಿಲ್ಲ, ಅವುಗಳಿಗೆ ಯಾರೂ ಏನೂ ಮಾಡಬೇಕಾದ್ದಿಲ್ಲವಲ್ಲ. ಅಂಟುವುದು ಕೆಲಸ ಬೇಡುವ ಸದ್ದು: ಅಳು, ಕೂಗು, ಕುಕ್ಕರಿನ ಸೀಟಿ, ಬಾವಿಗೆ ಬಿದ್ದ ಕೊಡ, ಬೇಲಿಯಲ್ಲಿ ಸಿಕ್ಕಿಕೊಂಡ ಆಡು. ಊರ ಗಡಿಯ ಕರಿಕಲ್ಲು ದಾಟಿದರೆ ಈ ಕಾನೂನಿಲ್ಲ. ಆದರೆ ಕಲ್ಲಿನ ಈಚೆ ಅಂಟಿದ ಸದ್ದು ಆಚೆ ಹೋದರೂ ಬಿಡುವುದಿಲ್ಲ. ಹೀಗೇಕೆ ಎಂದು ಪರವೂರಿನವರು ಕೇಳುತ್ತಾರೆ. ನಿಮ್ಮಲ್ಲಿ ಹೀಗೇಕಿಲ್ಲ ಎಂದು ನಾವು ಕೇಳುವುದಿಲ್ಲ, ನಮಗೆ ಅಷ್ಟು ಪುರುಸೊತ್ತಿಲ್ಲ. ನನಗಂತೂ ಇಲ್ಲವೇ ಇಲ್ಲ.

ಹೀಗಾಗಿ ನಮ್ಮಲ್ಲಿ ಮಂದ ಕಿವಿಗೆ ಬಹಳ ಬೆಲೆ. ಹೆಣ್ಣು ನೋಡಲು ಬಂದವರು ಬಣ್ಣ ಎತ್ತರ ನೋಡುವ ಮೊದಲು ಒಳಗೆ ಒಂದು ಲೋಟ ಬೀಳಿಸುತ್ತಾರೆ. ಹುಡುಗಿ ಕದಲದೆ ಕೂತರೆ ಒಳ್ಳೆಯ ಸಂಬಂಧ. ನನ್ನನ್ನು ನೋಡಲು ಬಂದಾಗ ನನ್ನ ಮಾವ ಲೋಟ ಬೀಳಿಸಲೆಂದು ಕೈ ಎತ್ತಿದ ಸದ್ದಿಗೇ ನಾನು ಎದ್ದು ಹೋಗಿ ಹಿಡಿದೆ. "ಈ ಮನಿಗೆ ಬಂದ್ರ ನನ್ನ ಮಗಳು ಕೈಯಾಗಿನ ಬಳಿ ಸೈತ ಅಲ್ಲಾಡಸೂದು ಬ್ಯಾಡ" ಎಂದು ಅವರು ಅಲ್ಲಿಯೇ ಎಲೆ ಅಡಿಕೆ ಹಂಚಿಬಿಟ್ಟರು. ನನ್ನ ಹೆಸರು ಗುರುಪಾದಪ್ಪ, ಕಸುಬು ಕುಕ್ಕರ್ ರಿಪೇರಿ. ಆದರೆ ನಾನು ನಿಲ್ಲಿಸಿದ ಕುಕ್ಕರುಗಳಲ್ಲಿ ರಿಪೇರಿಗೆಂದು ಬಂದವು ಸಾವಿರಕ್ಕೆ ಒಂದು. ಪಕ್ಕದ ಮನೆಯ ಈರಪ್ಪ ನಲ್ಲಿ ತೆರೆದಿಟ್ಟೇ ಹೊಲಕ್ಕೆ ಹೋಗುತ್ತಾನೆ. ಕೇಳಿದರೆ, "ನೀ ಅದೀಯಲ್ಲೋ" ಎನ್ನುತ್ತಾನೆ, ನನ್ನನ್ನು ಹೊಗಳಿದವನ ಹಾಗೆ.

ಇನ್ನು ದುಂಡಪ್ಪ. ನನ್ನ ಓರಗೆಯವನು, ಹೆಂಡತಿ ಮಕ್ಕಳಿಲ್ಲದವನು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗಿಯೇ ಇರುವವನು. ತಲೆಯ ಹತ್ತಿರ ಡೋಲು ಬಾರಿಸಿದರೆ ಆ ಕಡೆ ಹೊರಳುತ್ತಾನೆ. ಊರಿಗೆಲ್ಲ ಅವನು ಕಲ್ಲುಕಿವಿ ದುಂಡಪ್ಪ. ನಾನು ಯಾರದೋ ಆಡು ಬಿಡಿಸಲು ಓಡುವಾಗ, "ಏಳೋ ಕಲ್ಲುಕಿವಿ, ಒಂದರ ಕೆಲಸ ಮಾಡೋ!" ಎಂದು ಕೂಗಿ ಹೋಗುತ್ತಿದ್ದೆ. ಅವನು ಕಣ್ಣು ಬಿಡದೆ ಕೈಯೊಂದನ್ನು ಎತ್ತುತ್ತಿದ್ದ, ಆಶೀರ್ವಾದ ಮಾಡುವ ಸ್ವಾಮಿಗಳ ಹಾಗೆ.

ನನ್ನ ಒಬ್ಬಳೇ ಮಗಳು ಕಸ್ತೂರಿಯನ್ನು ದೂರದ ಊರಿಗೆ ಕೊಟ್ಟಿದ್ದೇನೆ. ಅಳಿಯ ರೈಲ್ವೆಯಲ್ಲಿದ್ದಾನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಾ ಎಂದರೆ ಬರಲಿಲ್ಲ. "ನಿಮ್ಮೂರಾಗ ಕೂಸು ಒಂದ ಸಲ ಅತ್ರ ಯಾರ್ಯಾರಿಗೆ ಹತ್ತತೈತೋ, ನನಗ ಆ ಗದ್ದಲ ಬ್ಯಾಡ" ಎಂದಳು. ಹೆಂಡತಿ ನೀಲವ್ವ ಬಾಣಂತನಕ್ಕೆಂದು ಹೋದವಳು ಅಲ್ಲಿಯೇ ನಿಂತಳು. "ಇಲ್ಲಿ ನಲ್ಲಿ ಸೋರಿದ್ರ ಬರೇ ಸೋರತೈತಿ ನೋಡ್ರಿ, ಅಷ್ಟ. ಎಷ್ಟ ಆರಾಮ ಐತಿ!" ಎಂದು ಫೋನಿನಲ್ಲಿ ಹೇಳುತ್ತಾಳೆ. ಮೊಮ್ಮಗನಿಗೆ ಎಂಟು ತಿಂಗಳಾಯಿತು. ನಾನಿನ್ನೂ ಅವನ ಮುಖ ನೋಡಿರಲಿಲ್ಲ.

ಹೋಗಲು ಮನಸ್ಸಿರಲಿಲ್ಲ ಎಂದುಕೊಳ್ಳಬೇಡಿ. ಹೊಸ ಅಂಗಿ ಹಾಕಿಕೊಂಡು ಹೊರಟಷ್ಟು ಸಲ ಮದುಮಗ ಕೂಡ ಹೊರಟಿರುವುದಿಲ್ಲ. ಒಮ್ಮೆ ಬಸ್ಸು ಹತ್ತಿ ಕೂತಿದ್ದೆ, ಗಿರಣಿಯ ಹಿಂದೆ ಆಡು ಒದರಿತು, ಇಳಿದೆ. ಒಮ್ಮೆ ಬಸ್ಸು ಹೊರಟೂ ಬಿಟ್ಟಿತ್ತು, ಯಾರದೋ ಮನೆಯ ಕುಕ್ಕರ್ ಹಟಕ್ಕೆ ಬಿದ್ದು ಕೂಗತೊಡಗಿತು. ಮತ್ತೊಮ್ಮೆ ಕರಿಕಲ್ಲು ಕಣ್ಣಿಗೆ ಕಾಣುತ್ತಿತ್ತು, ನಾನು ಕಂಡಕ್ಟರನ ಕೈ ಕುಲುಕಲು ಎದ್ದು ನಿಂತಿದ್ದೆ. ಅಷ್ಟರಲ್ಲಿ ಹಿಂದೆ ದೂರದಲ್ಲಿ ಬಾವಿಯ ಹಗ್ಗ ಹರಿದು ಕೊಡ ಬಿತ್ತು. ಕಣ್ಣು ಮುಚ್ಚಿಕೊಂಡು ಹೋಗಿಬಿಡಬಹುದಿತ್ತು ಎನ್ನುತ್ತೀರಿ. ಕೊಡ ಬೀಳುವ ಸದ್ದನ್ನು ಕಿವಿಯಲ್ಲಿ ಇಟ್ಟುಕೊಂಡು ಒಂದು ತಾಸು ಕೂತು ನೋಡಿ. ಅದು ಬೀಳುತ್ತದೆ, ಮುಳುಗುತ್ತದೆ, ಮತ್ತೆ ಬೀಳುತ್ತದೆ.

ಕೊನೆಗೆ ಕಸ್ತೂರಿ ಫೋನು ಮಾಡಿದಳು. "ಅಪ್ಪಾ, ಇವರಿಗೆ ವರ್ಗ ಆಗೇತಿ. ಎರಡ ದಿನದ ರೈಲು. ಅಮಾಸಿ ಆದ ಕೂಡಲೇ ಹೊಂಟ್ವಿ. ಅಷ್ಟರಾಗ ಬಂದ್ರ ಬಾ, ಇಲ್ಲಂದ್ರ ನಿನ್ನ ಮೊಮ್ಮಗ ನಿನ್ನ ಫೋಟೋದಾಗ ನೋಡ್ಲಿ. ಊರಿನ ಬೆಕ್ಕು ಒದರಿದ್ರ ಓಡ್ತಿ ನೀ. ನಾ ಎಂಟ ತಿಂಗಳಿಂದ ಕರಿಯಾಕತ್ತೀನಿ." ಫೋನಿಟ್ಟಳು. ಇಟ್ಟ ಮೇಲೆ ಅವಳ ದನಿ ನನ್ನ ಕಿವಿಯಲ್ಲಿ ಉಳಿಯಲಿಲ್ಲ. ಫೋನಿನಲ್ಲಿ ಬಂದ ಸದ್ದು ಅಂಟುವುದಿಲ್ಲ, ಏನು ಮಾಡುವುದು. ಈರಪ್ಪನ ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು. ಎದ್ದು ಹೋಗಿ ಅದನ್ನು ನಿಲ್ಲಿಸಿ ಬಂದೆ.

ಮರುದಿನ ಬೆಳಿಗ್ಗೆ ಜೈತುನಬಿಯ ಅಂಗಡಿಗೆ ಹೋದೆ. ಸದ್ದು ನುಂಗುವ ಹೆಡ್‌ಫೋನುಗಳನ್ನು ನಮ್ಮೂರಿನಲ್ಲಿ ಮಾರುವುದು ಆಕೆಯೊಬ್ಬಳೇ. ನನ್ನನ್ನು ಕಂಡು ಆಕೆ ಗಾಬರಿಯಾಗಿ ಒಳಗೂ ಹೊರಗೂ ನೋಡಿದಳು. "ನಮ್ಮಲ್ಲೆ ಏನೂ ಬಿದ್ದಿಲ್ಲಲ್ಲರೀ ಗುರುಪಾದಣ್ಣಾರ? ನೀವ್ಯಾಕ ಬಂದ್ರಿ?"

"ಗಿರಾಕಿ ಆಗಿ ಬಂದೀನಿ."

"ಯಾ ಅಲ್ಲಾ!" ಎಂದು ಆಕೆ ಸ್ಟೂಲು ಒರೆಸಿ ಕೊಟ್ಟಳು. "ಊರು ದಾಟಾಕೋ, ದಿನಾ ಹಾಕ್ಕೊಳ್ಳಾಕೋ?"

"ಎರಡಕ್ಕೂ."

"ಎರಡಕ್ಕೂ ಒಂದ ಆಗಂಗಿಲ್ರಿ. ದಿನಾ ಹಾಕ್ಕೊಳ್ಳೋದು ಹಗರ ಇರಬೇಕು, ಬೆವರು ತಡೀಬೇಕು, ನಡುವ ಯಾರರ ಕರದ್ರ ತಟ್ಟನ ತಗಿಯಾಕ ಬರಬೇಕು. ಪ್ರಯಾಣದ್ದು ಹಂಗಲ್ಲ. ಕಿವಿ ಪೂರಾ ಮುಚ್ಚಿ, ತಾಸಗಟ್ಟಲೆ ಕುಂತ್ರೂ ನೋವಾಗಬಾರದು, ಚಾರ್ಜು ನಡುದಾರ್ಯಾಗ ಕೈ ಕೊಡಬಾರದು."

"ನನ್ನ ಕಿವಿ ಸಾದಾ ಕಿವಿ ಅಲ್ಲ ಜೈತುನಬಿ. ಎಲ್ಲಾ ತೋರಸು."

ಮೊದಲು ಹುರಿಗಡಲೆಯಷ್ಟು ಗಾತ್ರದ ಎರಡು ಬಿಳಿ ಗುಂಡಿಗಳನ್ನು ಕಿವಿಗೆ ತುರುಕಿದಳು. ಎದುರಿನ ಗಿರಣಿಯ ಗುಂಯ್‌ಗುಡುವಿಕೆ ಯಾರೋ ಚಾಪೆ ಸುತ್ತಿಕೊಂಡು ಹೋದ ಹಾಗೆ ಹೋಯಿತು. ನಾನು ಬಾಯಿ ತೆರೆದು ಕೂತೆ. ಆದರೆ ಗಿರಣಿ ಹೋದ ಜಾಗದಲ್ಲಿ ಊರಿನ ಮಾತುಗಳೆಲ್ಲ ಮೊದಲಿಗಿಂತ ಸ್ಪಷ್ಟವಾಗಿ ಬಂದು ಕೂತವು. "ಇದು ಒಂದ ಸಮ ಗುಂಯ್ ಅನ್ನೋದನ್ನ ನುಂಗತೈತ್ರಿ" ಎಂದಳು ಜೈತುನಬಿ, "ಇಂಜಿನ್ನು, ಫ್ಯಾನು, ಗಿರಣಿ. ಮಂದಿ ದನಿ, ತಟ್ಟನ ಬೀಳೋ ಪಾತ್ರಿ, ಇಂಥಾವು ಇದಕ್ಕ ಪೂರಾ ಬಗ್ಗಂಗಿಲ್ಲ." ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಮಗುವೊಂದು ತೊಟ್ಟಿಲಿನಿಂದ ಬಿದ್ದ ಸದ್ದಾಯಿತು, ನಾನು ಗುಂಡಿಗಳ ಸಮೇತ ಓಡಿದೆ. "ತಗದಿಟ್ಟು ಹೋಗ್ರಿ!" ಎಂದು ಆಕೆ ಹಿಂದೆ ಕೂಗಿದಳು. ಆ ಕೂಗೂ ನನಗೇ ಅಂಟಿತು.

ಎರಡನೆಯದು ಕಿವಿಯ ಮೇಲೆ ಕೂರುವ ಕೆಂಪು ಹೆಡ್‌ಫೋನು. ನೋಡಲು ಚೆಂದ. ಆದರೆ ನನ್ನ ಕನ್ನಡಕದ ಕಡ್ಡಿಗೂ ಅದರ ಮೆತ್ತೆಗೂ ನಡುವೆ ಒಂದು ದಾರದಷ್ಟು ಸಂದು ಉಳಿಯಿತು. ಆ ಸಂದಿನಲ್ಲಿ ಇಡೀ ಊರು ಸಾಲಾಗಿ ಒಳಗೆ ಬಂದಿತು, ಆಡು ಕೋಳಿ ಸಮೇತ. ಮೂರನೆಯದು ನನ್ನ ಕಿವಿಗೆ ಬಂದ ಸದ್ದನ್ನೆಲ್ಲ ನುಂಗಿ ನುಂಗಿ ಅಜೀರ್ಣವಾಗಿ ಅಲ್ಲಿಯೇ ಸತ್ತಿತು. ಚಾರ್ಜ್ ಇರಲಿಲ್ಲ ಎಂದು ಜೈತುನಬಿ ಹೇಳುತ್ತಾಳೆ, ವ್ಯಾಪಾರದವರು ಏನಾದರೂ ಹೇಳುತ್ತಾರೆ. ಒಂದೊಂದನ್ನು ಪರೀಕ್ಷೆ ಮಾಡುವ ನಡುವೆ ಓಡಿ ಓಡಿ, ಮಧ್ಯಾಹ್ನದ ಹೊತ್ತಿಗೆ ನನಗೆ ಸ್ಟೂಲಿನ ಮೇಲೆ ನೆಟ್ಟಗೆ ಕೂರುವ ತ್ರಾಣವೂ ಇರಲಿಲ್ಲ.

ಕಡೆಗೆ ಆಕೆ ಕಪಾಟಿನ ಮೇಲಿನಿಂದ ದೊಡ್ಡದೊಂದು ಪೆಟ್ಟಿಗೆ ಇಳಿಸಿದಳು. ಕೊಬ್ಬರಿ ಬಟ್ಟಲಿನಷ್ಟು ಅಗಲದ ಕರೀ ಹೆಡ್‌ಫೋನು, ಒಳಗೆ ದಪ್ಪ ಮೆತ್ತೆ. "ಕನ್ನಡಕ ತಗೀರಿ. ಈಗ ಹಾಕ್ರಿ. ಒಂದೀಟು ಬಿಗಿ ಅನಸ್ತೈತಿ, ಆಮ್ಯಾಲ ರೂಢಿ ಆಗತೈತಿ" ಎಂದು ಗುಂಡಿ ಒತ್ತಿದಳು. ಆಕೆಯ ಮಾತಿನ ಕೊನೆಯ ಭಾಗವನ್ನು ನಾನು ಆಕೆಯ ತುಟಿಯಲ್ಲಿ ನೋಡಿದೆ.

ಏನೂ ಇರಲಿಲ್ಲ. ಏನೂ ಇಲ್ಲದಿರುವುದು ಹೇಗಿರುತ್ತದೆ ಎಂದು ಹೇಳಲು ನನ್ನಂಥ ಬಾಯಿಬಡುಕನಿಗೂ ಆಗುವುದಿಲ್ಲ. ನನ್ನ ತಲೆಯೊಳಗೆ ನಾನೊಬ್ಬನೇ ಇದ್ದೆ. ಅಷ್ಟು ದೊಡ್ಡ ಜಾಗ ಅದು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಉಸಿರು ಬಂದು ಹೋಗುತ್ತಿತ್ತು, ಅದು ಯಾವ ಕೆಲಸವನ್ನೂ ಕೇಳುತ್ತಿರಲಿಲ್ಲ.

ಜೈತುನಬಿ ಅದನ್ನು ತಲೆಯಿಂದ ತೆಗೆದು ತಾನೇ ಹಿಡಿದುಕೊಂಡಳು. "ಈಗ ನಿಮ್ಮ ಎರಡನೇ ಕಿವಿನ್ನ ಕರಕೊಂಡು ಬರ್ರಿ."

ಇದು ನಮ್ಮೂರ ಕಟ್ಟಳೆ. ನೀವು ಕಿವಿ ಮುಚ್ಚಿದಿರಿ ಎಂದು ಸದ್ದು ಸಾಯುವುದಿಲ್ಲ, ನಿಮ್ಮ ನಂತರ ಯಾರಿಗೆ ಕೇಳಿಸುತ್ತದೋ ಅವರಿಗೆ ಹೋಗಿ ಅಂಟುತ್ತದೆ. ಅವರೇ ನಿಮ್ಮ ಎರಡನೇ ಕಿವಿ. ಹಿಂದೊಮ್ಮೆ ಒಬ್ಬ ದರ್ಜಿ ಯಾರಿಗೂ ಹೇಳದೆ ಇಂಥದ್ದೊಂದನ್ನು ಹಾಕಿಕೊಂಡು ಹಾಯಾಗಿ ಹೊಲಿಯುತ್ತಾ ಕೂತನಂತೆ. ಅವನ ಎರಡನೇ ಕಿವಿಯಾಗಿದ್ದ ಕಾಯಿಲೆಯ ತಂಗಿ ಒಂದು ಓಣಿಯ ನಲ್ಲಿಗಳನ್ನೆಲ್ಲ ಕಿವಿಯಲ್ಲಿ ಇಟ್ಟುಕೊಂಡು ಹಾಸಿಗೆ ಹಿಡಿದಳು. ಅಂದಿನಿಂದ ಎರಡನೇ ಕಿವಿಯವರು ಅಂಗಡಿಗೆ ಬಂದು ಬಾಯಿಬಿಟ್ಟು ಹೂಂ ಅನ್ನದೆ ಮಾರುವಂತಿಲ್ಲ. ಗಂಡ ಹೆಂಡತಿ, ಅಣ್ಣ ತಮ್ಮ, ಅತ್ತೆ ಸೊಸೆ ಜೋಡಿಯಾಗಿ ಬರುತ್ತಾರೆ. ಆ ಅಂಗಡಿಯ ಮುಂದೆ ಮುರಿದಷ್ಟು ಸಂಬಂಧ ಕೋರ್ಟಿನ ಮುಂದೆ ಮುರಿದಿಲ್ಲ.

"ನನಗ ಎರಡನೇವ್ರು ಅಂತ ಯಾರೂ ಇಲ್ಲ" ಎಂದೆ. "ನಾ ಆದ ಮ್ಯಾಲ ಮೂರು ಸೀಮಿ ಖಾಲಿ. ಸುಮ್ನ ಕೊಡು."

"ನೋಡೇ ಬಿಡೂಣಲ್ಲ" ಎಂದು ಆಕೆ ಹಿತ್ತಲಿಗೆ ಹೋಗಿ ತಗಡಿನ ಬಕೇಟಿನ ಮೇಲೆ ನಲ್ಲಿ ಬಿಟ್ಟಳು. "ಇದನ್ನ ಹಾಕ್ಕೊಂಡು ಕುಂದರ್ರಿ. ಯಾರು ಬಂದು ನಲ್ಲಿ ಬಂದ್ ಮಾಡ್ತಾರೋ ಅವರ."

"ಟಾಕಿ ಖಾಲಿ ಆಗತೈತಿ, ಯಾರೂ ಬರಂಗಿಲ್ಲ."

ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿ ಹೆಡ್‌ಫೋನ್ ಹಾಕಿಕೊಂಡೆ. ಯಾರು ಬರುತ್ತಾರೆಂದು ಬಾಗಿಲು ನೋಡುತ್ತಾ ಕೂರುವುದು ನನ್ನ ಉದ್ದೇಶವಾಗಿತ್ತು. ಬಾಗಿಲನ್ನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಹುಟ್ಟಿದಂದಿನಿಂದ ಬಾಕಿ ಉಳಿದಿದ್ದ ನಿದ್ದೆಯೆಲ್ಲ ಒಟ್ಟಿಗೆ ಬಂದು ಮೇಲೆ ಬಿತ್ತು.

ಯಾರೋ ಭುಜ ಹಿಡಿದು ಅಲುಗಾಡಿಸಿದರು. ಕಣ್ಣು ಬಿಟ್ಟರೆ ಜೈತುನಬಿ. ಆಕೆಯ ಹಿಂದೆ ದುಂಡಪ್ಪ ನಿಂತಿದ್ದ. ಮೈಯೆಲ್ಲ ಬೆವರು, ಮೊಣಕಾಲಿನವರೆಗೆ ಕೆಸರು, ಬಾಯಿ ಒಂದೇ ಸಮ ಆಡುತ್ತಿತ್ತು. ಅವನ ತೋಳಿನಲ್ಲಿ ಒಂದು ಮಗು ಅವನ ಅಂಗಿಯ ಗುಂಡಿಯನ್ನು ಚೀಪುತ್ತಿತ್ತು. ಬಾಗಿಲಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು, ನನ್ನ ಮಗಳು ಕಸ್ತೂರಿ.

ಕನಸು ಅಂದುಕೊಂಡೆ. ಹೆಡ್‌ಫೋನ್ ತೆಗೆದೆ. ದುಂಡಪ್ಪನ ಬೈಗುಳ ಒಳಗೆ ನುಗ್ಗಿತು, ಕನಸಲ್ಲ ಎಂದು ಗೊತ್ತಾಯಿತು.

"ಮೊದಲ ಈಕಿ ನಲ್ಲಿ! ಆಮ್ಯಾಲ ಈರಪ್ಪನ ಕುಕ್ಕರು! ಅದನ್ನ ಇಳಿಸೂದ್ರಾಗ ಗಿರಣಿ ಹಿಂದಿನ ಆಡು, ಆಡು ಬಿಡಿಸೂದ್ರಾಗ ಯಾರದೋ ಕೊಡ! ನನ್ನ ಜೀವ ಬಾಯಿಗೆ ಬಂತು. ಇದೇನೋ ಗುರುಪಾದ, ದಿನಾ ಹಿಂಗ ಓಡ್ತಿದ್ದಿ ನೀ? ಮನಶ್ಯಾ ಬದುಕ್ತಾನೇನೋ ಹಿಂಗ?"

"ಕಲ್ಲುಕಿವಿ!" ಎಂದೆ. "ನಿನಗ ಕೇಳಸ್ತೈತೇನೋ?"

"ಕೇಳಸದ ಏನು? ನಿನಗ ಕೇಳಿದ ಬೆನ್ನಿಗೆ ನನಗೂ ಕೇಳಸ್ತಿತ್ತು. ನಾ ಎದ್ದು ಚಪ್ಪಲಿ ಹುಡುಕೂದ್ರಾಗ ನೀ ನನ್ನ ಬೈಕೋತ ಮುಂದ ಓಡಿರ್ತಿದ್ದಿ. ಎಷ್ಟ ಸಲ ಏಳೂದು? ಬಿಟ್ಟೆ. ಮಲಕೊಂಡೆ."

"ನನ್ನ ಬೆನ್ನಿಗೆ ಅಂದ್ರ ಎಷ್ಟ ಹಿಂದ?"

"ಒಂದ ಸಲ ಕಣ್ಣು ಮುಚ್ಚಿ ತಗಿಯೂವಷ್ಟು."

"ಎರಡ ಸಲ ಅನ್ನು."

"ಹೂಂ ಮಾರಾಯಾ, ಎರಡ ಸಲ. ತೊಗೋ."

ಜೈತುನಬಿ ತಲೆಯ ಸೆರಗು ಸರಿಮಾಡಿಕೊಂಡು, "ಇವರು ನಲ್ಲಿಗೆ ಬಂದಾಗನ ಎಬ್ಬಸಬೇಕಾಗಿತ್ರಿ" ಎಂದಳು. "ನಿಮ್ಮ ನಿದ್ದಿ ನೋಡಿ ಮನಸಾಗಲಿಲ್ಲ. ಮಲ್ಕೊಳ್ಳಲಿ ಪಾಪ ಅಂತ ಬಿಟ್ಟೆ."

ಆಗ ಕಸ್ತೂರಿ ಮಾತಾಡಿದಳು. ಬಾಗಿಲಿನಿಂದ ಒಳಗೆ ಬಂದಿರಲಿಲ್ಲ. "ನಾ ಕರದೆ ಅಪ್ಪಾ."

ನಾನು ಅವಳನ್ನು ನೋಡಿದೆ.

"ಬಸ್‌ಸ್ಟ್ಯಾಂಡಿನ್ಯಾಗ ಇಳದು ಕರದೆ. ಫೋನಿನ್ಯಾಗ ಕರದ್ರ ನಿಂಗ ಹತ್ತೂದಿಲ್ಲ. ಊರಿಗೇ ಬಂದು ಬಾಯಿಲೆ ಕರದ್ರ ಯಾ ಮೂಲ್ಯಾಗ ಇದ್ರೂ ಓಡಿ ಬರ್ತಿ ಅಂತ ದಾರ್ಯಾಗೆಲ್ಲ ಅನ್ಕೋತ ಬಂದೆ. ಆಡಿಗೆ ಬರಂವ ನನಗ ಬರೂದಿಲ್ಲೇನು? 'ಅಪ್ಪಾ' ಅಂದೆ. ಕೂಸೂ ಅಳಾಕತ್ತಿತ್ತು. ದುಂಡಪ್ಪ ಕಾಕಾ ಓಡಿ ಬಂದ." ಅವಳ ಕಣ್ಣು ನನ್ನ ಕೈಯಲ್ಲಿದ್ದ ಕರೀ ಬಟ್ಟಲುಗಳ ಮೇಲಿತ್ತು. "ನನ್ನ ಕಾಟ ಸಾಕಂತ ಕಿವಿ ಮುಚ್ಕೊಂಡಿಯೇನು?"

"ನಿನ್ನ ಹಂತೇಕ ಬರಾಕ ತೊಗೊಳ್ಳಾಕತ್ತಿದ್ದೆ ಇದನ್ನ."

"ಹೌದಪಾ. ನಂಬಿದೆ."

ನಾನು ಆಡಿದ ಸುಳ್ಳುಗಳನ್ನು ಈ ಊರು ಬಾಯಿ ಚಪ್ಪರಿಸಿಕೊಂಡು ನಂಬಿದೆ. ಹುಲಿಯ ಹೊಟ್ಟೆ ಹಸಿದ ಸದ್ದು ಕೇಳಿ ಊರಿಗೆ ಮುನ್ಸೂಚನೆ ಕೊಟ್ಟೆ ಎಂದಾಗ ಹಾರ ಹಾಕಿದ್ದಾರೆ. ಜೀವಮಾನದಲ್ಲಿ ಮೊದಲ ಸಲ ಅಳತೆಗೆ ಸರಿಯಾಗಿ ಒಂದು ನಿಜ ಹೇಳಿದರೆ ಸ್ವಂತ ಮಗಳು ಬಾಗಿಲಲ್ಲೇ ನಿಂತಳು. ಜೈತುನಬಿಯೇ ಹೇಳಬೇಕಾಯಿತು: "ಖರೇನ ಹೇಳಾಕತ್ತಾರವ್ವಾ. ಮುಂಜಾನಿಂದ ನನ್ನ ಅಂಗಡಿ ಅರ್ಧಾ ತಲೀಮ್ಯಾಲ ಹಾಕ್ಕೊಂಡಾರ. ಮಗಳ ಊರಿಗೆ, ಮಗಳ ಊರಿಗೆ ಅಂತ ನನ್ನ ತಲಿ ತಿಂದಾರ."

ಕಸ್ತೂರಿ ಹೊಸ್ತಿಲು ದಾಟಿ ಒಳಗೆ ಬಂದಳು. ಚೀಲ ಇಳಿಸಿದಳು, ಅಷ್ಟೆ.

ದುಂಡಪ್ಪ ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿ, ಬಿಡುವಾದ ಕೈಯಿಂದ ಕಿವಿ ಮುಟ್ಟಿಕೊಂಡ. "ಅದು ಇನ್ನೂ ಹೋಗಿಲ್ಲೋ" ಎಂದ.

"ಯಾವುದು?"

"ಇಕಿ ಕರದಿದ್ದು. ಕೂಸಿನ ಅಳು ಎತ್ಕೊಂಡ ಕೂಡಲೇ ಹೋತು. ಇದು ಮಾತ್ರ 'ಅಪ್ಪಾ, ಅಪ್ಪಾ' ಅಂತ ಒಂದ ಸಮ ಕರಿಯಾಕತ್ತೈತಿ. ನಾ ಒಂದೆರಡು ಸಲ 'ಓ' ಅಂದು ನೋಡಿದೆ. ಹೋಗಲಿಲ್ಲ. ನನಗ ಕರದಿದ್ದಲ್ಲಲ್ಲ." ನೆಲ ನೋಡಿದ. "ಅವಸರಿಲ್ಲ. ಇರ್ಲಿ ಬೇಕಾರ ಒಂದೀಟು. ಹಿಂಗ ನನ್ನ ಯಾರೂ ಕರದಿಲ್ಲ."

ನಾನು ಕಸ್ತೂರಿಯ ಕಡೆ ತಿರುಗಿ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ, "ಓ ಕಸ್ತೂರೀ" ಎಂದೆ.

ದುಂಡಪ್ಪ ತಲೆಯನ್ನು ಒಮ್ಮೆ ಕೊಡವಿದ. "ಹೋತು" ಎಂದ. ಮಗುವನ್ನು ಕಸ್ತೂರಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋದ. ತಾನೇ ಆಗಲೇ ನಿಲ್ಲಿಸಿದ್ದ ನಲ್ಲಿಯನ್ನು ಮತ್ತೊಮ್ಮೆ ಬಿಗಿಮಾಡಿ, ಸ್ವಲ್ಪ ಹೊತ್ತು ಅಲ್ಲಿಯೇ ನಿಂತು ಬಂದ.

"ಈಗ ಹೇಳ್ರಿ ದುಂಡಪ್ಪಣ್ಣಾರ" ಎಂದಳು ಜೈತುನಬಿ. "ನೀವು ಹೂಂ ಅಂದ್ರ ಮಾರ್ತೀನಿ, ಇಲ್ಲಂದ್ರ ಕಪಾಟಿನ್ಯಾಗ ಇಡ್ತೀನಿ."

"ದಿನಾ ಹಾಕ್ಕೊಳ್ಳಾಕ ಅಂದ್ರ ಒಲ್ಲೆ. ಅಷ್ಟ ಒಳ್ಳೆಯಂವ ಅಲ್ಲ ನಾ." ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಊರು ದಾಟಿ ಮಗಳ ಮನಿಗೆ ಹೋಗಾಕ ಅಂದ್ರ ಹೂಂ. ಅಮಾಸಿ ಮಟ. ಖರೆ ಒಂದು, ನಿನ್ನ ಚಪ್ಪಲಿ ಇಲ್ಲಿ ಕೊಟ್ಟು ಹೋಗು. ನನ್ನವು ಹುಡುಕೂದ್ರಾಗ ಹೊತ್ತಾಗತೈತಿ."

ಅವನ ಚಪ್ಪಲಿ ಕಲ್ಲುಬೆಂಚಿನ ಅಡಿಯಲ್ಲಿ ಸಿಕ್ಕವು. ಕೊಂಡು ಎಷ್ಟೋ ವರ್ಷವಾಗಿದ್ದರೂ ಅಂಗಡಿಯಿಂದ ಈಗ ತಂದ ಹಾಗಿದ್ದವು. ನಾನು ಅವನ್ನು ಮೆಟ್ಟಿಕೊಂಡು, ಕಸ್ತೂರಿಯ ಹಿಂದೆ ಸಂಜೆಯ ಬಸ್ಸು ಹತ್ತಿದೆ. ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದೆ.

ಬಸ್ಸು ಹೊರಟಿತು. ಹುಟ್ಟೂರನ್ನು ನಾನು ಸದ್ದಿಲ್ಲದೆ ನೋಡಿದ್ದು ಅದೇ ಮೊದಲು. ಈರಪ್ಪನ ಕಿಟಕಿಯಿಂದ ಕುಕ್ಕರಿನ ಹಬೆ ಏಳುತ್ತಿತ್ತು, ಅಷ್ಟೆ, ಬರೀ ಹಬೆ. ಅಂಗಳದಲ್ಲಿ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಯಾರನ್ನೋ ಕೂಗುತ್ತಿದ್ದಳು. ದುಂಡಪ್ಪ ಧೋತರ ಎತ್ತಿ ಕಟ್ಟಿ, ನನ್ನ ಚಪ್ಪಲಿಯಲ್ಲಿ, ಬಸ್ಸಿಗೆ ಎದುರಾಗಿ ಓಡಿ ಹೋದ. ಈ ಸಲ ನಾನೇ ಕೈ ಎತ್ತಿದೆ. ಅವನು ನೋಡಲಿಲ್ಲ, ಪುರುಸೊತ್ತಿರಲಿಲ್ಲ. ಪಕ್ಕದಲ್ಲಿ ಕಸ್ತೂರಿಯ ತುಟಿಗಳು ಕೂತಾಗಿನಿಂದ ಒಂದೇ ಸಮ ಆಡುತ್ತಿದ್ದವು. ಮುಖ ಮುಂದಿನ ಸೀಟಿನ ಕಡೆಗಿತ್ತು, ಕಣ್ಣು ಒದ್ದೆಯಾಗಿದ್ದವು.

ಕರಿಕಲ್ಲು ಕಿಟಕಿಯಲ್ಲಿ ಬಂದು ಹೋಯಿತು. ಹೆಡ್‌ಫೋನ್ ತೆಗೆದು ಕೊರಳಿಗೆ ಇಳಿಸಿದೆ.

"ಏನಂದಿ?"

"ಏನಂದಿ? ಇಷ್ಟೊತ್ತು ಗ್ವಾಡಿಗೆ ಹೇಳಿದ್ನೇನು?"

"ಕಲ್ಲು ದಾಟೂ ಮಟ ತಗಿಯಂಗಿರಲಿಲ್ಲವಾ. ಮೊದಲಿಂದ ಹೇಳು."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮೊದಲಿನಿಂದ ಶುರು ಮಾಡಿದಳು. ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ಅವಳು ರಾಣಿಯ ವೇಷ ಹಾಕಿ ರಂಗದ ಮೇಲೆ ಬಂದಾಗ ನನ್ನ ಕುರ್ಚಿ ಖಾಲಿ ಇದ್ದದ್ದು. ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ನಾನು ಯಾರದೋ ಮನೆಯಲ್ಲಿ ಒಲೆ ಆರಿಸುತ್ತಿದ್ದದ್ದು. ಜ್ವರದಲ್ಲಿ ಮಲಗಿದ್ದಾಗ ಕಥೆ ಹೇಳಲು ಕೂತವನು, ರಾಜಕುಮಾರನನ್ನು ನಡುಕಾಡಿನಲ್ಲಿ ಬಿಟ್ಟು ಎದ್ದು ಹೋಗಿ, ಇವತ್ತಿನ ತನಕ ಅವನನ್ನು ಊರಿಗೆ ಮುಟ್ಟಿಸದೆ ಇದ್ದದ್ದು. ಕಲ್ಲಿನ ಆಚೆ ಯಾವ ಮಾತೂ ಯಾರಿಗೂ ಅಂಟುವುದಿಲ್ಲ. ಕಿಟಕಿಯಾಚೆ ನೋಡುತ್ತಾ ಹೂಂಗುಟ್ಟಿದ್ದರೆ ಎಲ್ಲವೂ ರಸ್ತೆಯ ಮೇಲೆ ಉದುರಿ ಹೋಗುತ್ತಿತ್ತು. ಅಕ್ಷತೆಯ ದಿನ ಆರಿಸಿದ್ದು ಒಲೆಯಲ್ಲ, ಜನರೇಟರು ಎಂದು ತಿದ್ದಲು ಒಮ್ಮೆ ಬಾಯಿ ತೆರೆದೆ, ಮುಚ್ಚಿದೆ. ಇಂಥ ಬೈಗುಳವನ್ನು ಇಷ್ಟು ಪೂರ್ತಿಯಾಗಿ ಕೇಳಿಸಿಕೊಂಡ ತಂದೆ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದೊಂದನ್ನು ನೀವು ನಂಬಲೇಬೇಕು.

ಒಂದು ಮಾತಿನ ನಡುವೆ ಅವಳು ನಿಂತಳು. ಮುಂದಿನದು ಮರೆತುಹೋದವಳ ಹಾಗೆ ಹಣೆ ಒತ್ತಿಕೊಂಡಳು. "ನಿದ್ದಿ ಮಾಡಿ ಎಂಟ ತಿಂಗಳಾತಪಾ" ಎಂದಳು. "ಅವ್ವನೂ ದಣದಾಳ. ಇಂವ ತಾಸಿಗೊಮ್ಮೆ ಏಳ್ತಾನ." ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟಳು. ನನ್ನ ಕೊರಳಿನಿಂದ ಹೆಡ್‌ಫೋನನ್ನು ಎಳೆದುಕೊಂಡು ತಾನು ಹಾಕಿಕೊಂಡಳು. ಗುಂಡಿ ಎಲ್ಲಿದೆ ಎಂದು ತಡವಿದಳು, ನಾನು ಒತ್ತಿದೆ. ಒತ್ತುವ ಮೊದಲು ಅವಳು ಹೇಳಿದ್ದು, "ಅತ್ರ ನೀ ನೋಡ್ಕೋ."

"ಹೂಂ" ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ.

ಮುಂದಿನ ಊರು ಬರುವಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ಬಂದಿತ್ತು. ಮಗು ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತಾ ಕೂತಿತ್ತು, ನಾನು ಏನಾದರೂ ಸುಳ್ಳು ಹೇಳುತ್ತೇನೋ ಎಂದು ಕಾಯುವ ಹಾಗೆ. ಬಸ್ಸು ನಿಂತಾಗ ಶೇಂಗಾ ಮಾರುವವನೊಬ್ಬ ಹತ್ತಿ, "ಹುರದ ಶೇಂಗಾ, ಬಿಸಿ ಬಿಸಿ ಶೇಂಗಾ!" ಎಂದು ಗಂಟಲು ಹರಿಯುವಂತೆ ಕೂಗಿದ.

"ಏ, ಸಾವಕಾಶ!" ಎಂದೆ. "ಮಗಳು ಮಲಗ್ಯಾಳ."

ಅವನು ಕಸ್ತೂರಿಯ ತಲೆಯನ್ನು ನೋಡಿ ನಕ್ಕ. "ಕಿವಿಮ್ಯಾಲ ಅಷ್ಟ ದೊಡ್ಡದು ಹಾಕ್ಯಾರಲ್ಲೋ ಅಜ್ಜಾ, ಅವರಿಗೆ ಎಲ್ಲಿ ಕೇಳಸ್ತೈತಿ?"

"ಕೇಳಸಂಗಿಲ್ಲ, ಗೊತ್ತೈತಿ" ಎಂದೆ. "ಆದ್ರೂ ಮೆಲ್ಲಗ ಮಾರು."